ಜ್ವರ ಇಲ್ಲ

ಅವಳ ಹೊಟ್ಟೆಯಲ್ಲಿ ಗುಲ್ಮ ಇರಲಿಲ್ಲ.

ಎಲ್ಲರಿಗೂ ಎಡಪಕ್ಕೆಯ ಒಳಗೆ ಮುಷ್ಟಿಯಷ್ಟು ದೊಡ್ಡದಾಗಿ ಅದು ಇರುತ್ತದೆ, ಇದೆ ಅನ್ನುವುದು ಯಾರಿಗೂ ಗೊತ್ತಿರುವುದಿಲ್ಲ. ಅವಳದ್ದು ಒಂಬತ್ತನೇ ವಯಸ್ಸಿಗೆ ಊದಿ ಊದಿ ಹೊಕ್ಕುಳ ದಾಟಿ ಬಂದಿತ್ತು. ಬಸುರಿಯ ಹಾಗೆ ಹೊಟ್ಟೆ ಮುಂದೆ ಮಾಡಿಕೊಂಡು ಶಾಲೆಗೆ ಹೋಗುತ್ತಿದ್ದಳು. ಹೊರಗಿನಿಂದ ಹಾಕಿದ ರಕ್ತವನ್ನೆಲ್ಲ ಅದೇ ನುಂಗಿ ನೀರು ಕುಡಿಯುತ್ತಿದೆ ಎಂದು ಡಾಕ್ಟರು ತೆಗೆಸಿಬಿಟ್ಟರು. ಹೊಟ್ಟೆ ಇಳಿಯಿತು, ಫ್ರಾಕು ಸರಿಯಾಗಿ ಕೂತಿತು. ಆದರೆ ಗುಲ್ಮ ಬರೀ ರಕ್ತ ನುಂಗುವ ಅಂಗವಲ್ಲ, ಮೈಯೊಳಗೆ ನುಗ್ಗಿದ ಕ್ರಿಮಿಗಳನ್ನು ಹಿಡಿದು ಕೂಡಿಹಾಕುವ ಪೊಲೀಸ್ ಠಾಣೆಯೂ ಹೌದು. ಅಂದಿನಿಂದ ಅವಳ ಮೈ ಠಾಣೆ ಇಲ್ಲದ ಊರಾಯಿತು. ಬೇರೆಯವರಿಗೆ ಜ್ವರ ಬಂದರೆ ಕಂಬಳಿ ಹೊದ್ದು ಮಲಗುತ್ತಾರೆ. ಅವಳಿಗೆ ಬಂದರೆ ಮನೆಯವರು ಆಸ್ಪತ್ರೆಗೆ ಓಡಲು ಚಪ್ಪಲಿ ಹುಡುಕುತ್ತಿದ್ದರು.

ರೋಗ ಹುಟ್ಟಿನಿಂದ ಬಂದದ್ದು. ತನಗೆ ಬೇಕಾದ ರಕ್ತವನ್ನು ಅವಳ ಮೈ ತಾನೇ ಮಾಡಿಕೊಳ್ಳಲಾರದು. ಅಲ್ಪಸ್ವಲ್ಪ ಮಾಡಿದ್ದೂ ನಿಲ್ಲದು. ಮೂರು ವಾರಕ್ಕೊಮ್ಮೆ ದೊಡ್ಡಾಸ್ಪತ್ರೆಯ ರಕ್ತದ ವಾರ್ಡಿಗೆ ಹೋಗಿ ಬೇರೆಯವರ ರಕ್ತ ಹಾಕಿಸಿಕೊಳ್ಳಬೇಕು. ಮೂರನೇ ವಾರದ ಕೊನೆಗೆ ಮುಖ ಸುಣ್ಣ ಬಳಿದ ಗೋಡೆ, ನಾಲ್ಕು ಮೆಟ್ಟಿಲಿಗೆ ಏದುಸಿರು. ರಕ್ತ ಹಾಕಿಸಿಕೊಂಡ ಮರುದಿನ ಚಿಗರೆ. ಅವಳು ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿ ಅದಕ್ಕೇ ಅವಳಿಗೆ ಬ್ಯಾಟರಿ ಎಂದು ಹೆಸರು ಬಿದ್ದಿತ್ತು.

"ಬ್ಯಾಟರಿ, ಚಾರ್ಜು ಎಷ್ಟಿದೆ ಇವತ್ತು?" ಎಂದು ಮಾಲೀಕ ಬೆಳಿಗ್ಗೆ ಶಟರು ಎತ್ತುವಾಗಲೇ ಕೇಳುತ್ತಿದ್ದ. ಊರಿಗೆಲ್ಲ ಕನ್ನಡಕ ಮಾರುವ ಅವನ ಕಣ್ಣಿಗೇ ಬಾಟಲಿ ತಳದಂಥ ಗಾಜು. ಹಿಂದಿನಿಂದ ಎಲ್ಲರೂ ಅವನನ್ನು ಸೋಡಾಬುಡ್ಡಿ ಅನ್ನುತ್ತಿದ್ದರು.

"ಎರಡು ಕಡ್ಡಿ ಇದೆ ಸರ್."

"ಎರಡು ಕಡ್ಡೀಲಿ ಎಂಟು ಜೊತೆ ಆಗಬೇಕು ಮಧ್ಯಾಹ್ನದೊಳಗೆ."

ಆಗುತ್ತಿತ್ತು. ಹಿಂದಿನ ಕೋಣೆಯಲ್ಲಿ ಅವಳ ಮೇಜು. ದುಂಡು ಗಾಜು ಬರುತ್ತದೆ, ಅದರ ನಡುವನ್ನು ಮೆಷೀನಿನಲ್ಲಿ ನೋಡಿ ಮೂರು ಚುಕ್ಕೆ ಇಡಬೇಕು, ನೀರು ತೊಟ್ಟಿಕ್ಕುವ ಚಕ್ರಕ್ಕೆ ಹಿಡಿದು ಫ್ರೇಮಿನ ಅಳತೆಗೆ ಉಜ್ಜಬೇಕು, ಅಂಚಿಗೆ ಏಣು ತೆಗೆಯಬೇಕು, ಫ್ರೇಮನ್ನು ಬಿಸಿ ಮಾಡಿ ಗಾಜು ಕೂರಿಸಬೇಕು. ಕೂರುವಾಗ ಟಿಕ್ ಅನ್ನಬೇಕು. ಟಿಕ್ ಅನ್ನದಿದ್ದರೆ ಎಲ್ಲೋ ಹೆಚ್ಚುಕಡಿಮೆ ಆಗಿದೆ ಅಂತ ಅರ್ಥ. ಅವಳ ಕೈಯಲ್ಲಿ ಹೆಚ್ಚುಕಡಿಮೆ ಆಗುತ್ತಿದ್ದದ್ದು ಅಪರೂಪ.

ರಕ್ತದ ವಿಷಯ ಒಂದಾದರೆ, ರಕ್ತದ ಜತೆ ಬರುವ ಕಬ್ಬಿಣದ ವಿಷಯ ಇನ್ನೊಂದು. ಹಾಕಿಸಿಕೊಂಡ ಪ್ರತಿ ಚೀಲ ರಕ್ತವೂ ಒಳಗೆ ಒಂದಿಷ್ಟು ಕಬ್ಬಿಣ ಬಿಟ್ಟು ಹೋಗುತ್ತದೆ, ಅದಕ್ಕೆ ಹೊರಗೆ ಹೋಗಲು ಬಾಗಿಲಿಲ್ಲ. ಲಿವರಿನಲ್ಲಿ ಕೂರುತ್ತದೆ, ಹೃದಯದಲ್ಲಿ ಕೂರುತ್ತದೆ. ಅವಳ ಅಪ್ಪ ದೊಡ್ಡ ಲಾಂಡ್ರಿಯೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುವವನು. ಇದು ಅವನಿಗೆ ಯಾರೂ ಬಿಡಿಸಿ ಹೇಳದೆಯೇ ಅರ್ಥವಾಯಿತು. "ಪೈಪೊಳಗೆ ಸುಣ್ಣ ಕಟ್ಟಿದ ಹಾಗೆ. ದಿನಾ ತೊಳೀದಿದ್ರೆ ಒಂದಿನ ಡಬ್ ಅನ್ನುತ್ತೆ." ತೊಳೆಯುವುದಕ್ಕೆ ಕನ್ನಡಕದ ಡಬ್ಬಿಯಷ್ಟು ದೊಡ್ಡ ಪಂಪು. ಅದರಲ್ಲಿ ಔಷಧಿಯ ಸಿರಿಂಜು, ಸಿರಿಂಜಿಗೆ ಉದ್ದದ ನಳಿಗೆ, ನಳಿಗೆಯ ತುದಿಯಲ್ಲಿ ಹೊಟ್ಟೆಯ ಚರ್ಮದಡಿ ಚುಚ್ಚುವ ಸೂಜಿ. ಸಂಜೆ ಊಟವಾದ ಮೇಲೆ ಚುಚ್ಚಿದರೆ ಬೆಳಿಗ್ಗೆ ಏಳುವವರೆಗೆ ಪಂಪು ಮೆಲ್ಲಗೆ ಔಷಧಿ ತಳ್ಳುತ್ತಲೇ ಇರುತ್ತದೆ. ಔಷಧಿ ಕಬ್ಬಿಣವನ್ನು ಹಿಡಿದುಕೊಂಡು ಉಚ್ಚೆಯಲ್ಲಿ ಹೊರಗೆ ಹೋಗುತ್ತದೆ.

ಮನೆಯಲ್ಲಿ ಕೆಲಸ ಹಂಚಿಕೆಯಾಗಿತ್ತು. ಒಲೆ ಅಮ್ಮಂದು, ಸೂಜಿ ಅಪ್ಪಂದು. ಅಮ್ಮ ಅದೇ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಮನೆಗೆ ಬಂದರೆ ನೀರು ಕುದಿಸುವುದು, ಹಾಲು ಕುದಿಸುವುದು, ಹಣ್ಣಿನ ಸಿಪ್ಪೆಯನ್ನೂ ಬಿಸಿನೀರಲ್ಲಿ ತೊಳೆಯುವುದು. "ನಿಮ್ಮಮ್ಮ ಐಸನ್ನೂ ಕುದಿಸಿಯೇ ಕೊಡೋದು," ಎಂದು ಅಪ್ಪ ರೇಗಿಸುತ್ತಿದ್ದ.

ಪಂಪಿಗೆ ಒಂದೇ ಒಂದು ಕಟ್ಟಳೆ ಇತ್ತು. ಜ್ವರ ಬಂದರೆ ಪಂಪು ಹಾಕಬಾರದು, ಆ ದಿನವೇ ವಾರ್ಡಿಗೆ ಬರಬೇಕು. ವಾರ್ಡಿನಲ್ಲಿ ಎಲ್ಲರೂ ದೊಡ್ಡ ಮೇಡಂ ಎಂದು ಕರೆಯುವ ರಕ್ತದ ಡಾಕ್ಟರು ಇದನ್ನು ಅಪ್ಪನಿಗೆ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದರು. ಯಾಕೆ ಎಂದು ಅಪ್ಪ ಕೇಳಲಿಲ್ಲ. ಬಾಯ್ಲರಿನ ಮೇಲೆ ಬರೆದಿರುವುದನ್ನೂ ಅವನು ಯಾಕೆ ಎಂದು ಕೇಳಿದವನಲ್ಲ.

ಕಟ್ಟಳೆಯ ಬೆಲೆ ಮೊದಲು ಕಂಡುಕೊಂಡವಳು ಅವಳೇ. ಹದಿನಾಲ್ಕನೇ ವಯಸ್ಸಿನಲ್ಲಿ. ಹೊಟ್ಟೆಯ ಮೇಲೆಲ್ಲ ಸೂಜಿಯ ಗಂಟುಗಳು, ಎಡಕ್ಕೆ ತಿರುಗಿದರೆ ನೋವು, ಬಲಕ್ಕೆ ತಿರುಗಿದರೆ ನಳಿಗೆ ಸಿಕ್ಕು. ಗೆಳತಿಯರ ಜತೆ ಒಂದು ರಾತ್ರಿ ಉಳಿಯುವ ಹಾಗಿಲ್ಲ. ಬಿಸಿನೀರು ಬಾಯಲ್ಲಿ ಹಿಡಿದು ನುಂಗಿ ಥರ್ಮಾಮೀಟರ್ ಇಟ್ಟುಕೊಂಡಳು. ಪಾದರಸ ಏರಿತು. ಆವತ್ತು ಪಂಪಿಲ್ಲ. ವಾರ್ಡಿಗೆ ಕರೆದುಕೊಂಡು ಹೋದರು, ರಕ್ತ ಪರೀಕ್ಷೆ ಮಾಡಿದರು, ಏನೂ ಸಿಗದೆ ವೈರಸ್ ಇರಬೇಕು ಎಂದು ಮಾತ್ರೆ ಕೊಟ್ಟು ಕಳಿಸಿದರು. ಮೂರು ದಿನ ಪಂಪಿಲ್ಲ. ಅವಳು ಆರಾಮಾಗಿ ಬೋರಲು ಮಲಗಿದಳು. ಅಲ್ಲಿಂದ ಮುಂದೆ ಅವಳಿಗೆ ತಿಂಗಳಿಗೆ ಎರಡು ಮೂರು ಸಲ ಜ್ವರ. ಅಮ್ಮ ಅಳುತ್ತಿದ್ದಳು, ಅಪ್ಪ ರಜೆ ಹಾಕಿ ವಾರ್ಡಿಗೆ ಓಡುತ್ತಿದ್ದ. ಅವಳಿಗೆ ಪಾಪ ಅನ್ನಿಸುತ್ತಿತ್ತು. ಆದರೆ ನಿಲ್ಲಿಸುವಷ್ಟು ಪಾಪ ಅನ್ನಿಸಲಿಲ್ಲ.

ಹದಿನಾರಕ್ಕೆ ಬಸ್ ಸ್ಟಾಪಿನಲ್ಲಿ ಎದೆ ಬಡಿತ ಹಳಿ ತಪ್ಪಿ ಕುಸಿದು ಕೂತಳು. ಹೃದಯದ ಸ್ಕ್ಯಾನ್ ಮಾಡಿದರು. ಅದರಲ್ಲೊಂದು ನಂಬರು ಬರುತ್ತದೆ, ಜಾಸ್ತಿ ಬಂದಷ್ಟೂ ಒಳ್ಳೆಯದು, ಇಪ್ಪತ್ತು ದಾಟಿದರೆ ಬಚಾವ್. ಅವಳದ್ದು ಎಂಟು.

"ಏನಮ್ಮಾ, ಇಲ್ಲಿ ಕಬ್ಬಿಣದ ಅಂಗಡಿ ತೆಗೀಬಹುದು," ಎಂದರು ದೊಡ್ಡ ಮೇಡಂ, ಸ್ಕ್ಯಾನನ್ನು ಬೆಳಕಿಗೆ ಹಿಡಿದು. ಆಮೇಲೆ ಅಪ್ಪನ ಕಡೆ ತಿರುಗಿ, "ಇಷ್ಟು ಜ್ವರ ಎಲ್ಲಿಂದ ಬಂತು ಈ ಹುಡುಗಿಗೆ?"

ಮನೆಗೆ ಬಂದ ಮೇಲೆ ಅಪ್ಪ ಅದನ್ನೇ ಕೇಳಿದ. ಅವಳು ನಿಜ ಹೇಳಿದಳು. ಅವನು ಹೊಡೆಯಲಿಲ್ಲ, ಬೈಯಲೂ ಇಲ್ಲ. ಕೈ ತೊಳೆದುಕೊಂಡು ಬಂದು ಸೂಜಿ ಚುಚ್ಚಿದ.

ಅವತ್ತಿನಿಂದ ಅವಳು ತಿರುಗಿ ನೋಡಲಿಲ್ಲ. ಪಂಪಿನ ಜತೆ ನೀರಲ್ಲಿ ಕರಗಿಸಿ ಕುಡಿಯುವ ದೊಡ್ಡ ಮಾತ್ರೆಯೂ ಸೇರಿತು. ಕುಡಿದರೆ ಹೊಟ್ಟೆ ತೊಳಸುತ್ತದೆ, ವಾರಕ್ಕೆ ಎರಡು ಸಲ ಭೇದಿ ಕಟ್ಟಿಟ್ಟದ್ದು. ಹಲ್ಲು ಕಚ್ಚಿ ಕುಡಿದಳು. ಪಂಪು ಒಂದು ದಿನ ತಪ್ಪಿಸಲಿಲ್ಲ. ವಾರ್ಡಿಗೆ ಹೊಸದಾಗಿ ಬಂದ ಮಕ್ಕಳ ತಾಯಂದಿರಿಗೆ ದೊಡ್ಡ ಮೇಡಂ ಅವಳನ್ನೇ ತೋರಿಸುತ್ತಿದ್ದರು. ಮೊದಮೊದಲು ಅಪ್ಪ ಥರ್ಮಾಮೀಟರನ್ನು ತಾನೇ ಹಿಡಿದು ನೋಡುತ್ತಿದ್ದ. ವರ್ಷ ಕಳೆದ ಮೇಲೆ ಬಿಟ್ಟ. ಸೂಜಿಗೆ ಮುಂಚೆ ಒಂದು ಮಾತು ಕೇಳುತ್ತಿದ್ದ, ಬಾಯ್ಲರಿಗೆ ಬೆಂಕಿ ಕೊಡುವ ಮೊದಲು ನೀರಿನ ಮಟ್ಟ ನೋಡುವ ಹಾಗೆ.

"ಜ್ವರ?"

"ಇಲ್ಲ."

ಅಷ್ಟೇ. ಸೂಜಿ ಒಳಗೆ.

ಈಗ ಅವಳಿಗೆ ಇಪ್ಪತ್ತಮೂರು. ವರ್ಷಕ್ಕೊಮ್ಮೆ ಆಗುವ ಸ್ಕ್ಯಾನಿನಲ್ಲಿ ಕಳೆದ ಸಲ ನಂಬರು ಹತ್ತೊಂಬತ್ತು ಮುಟ್ಟಿತ್ತು. "ಮುಂದಿನ ಸಲ ಇಪ್ಪತ್ತು ದಾಟಲಿ, ಪಂಪ್ ಬಿಡಿಸ್ತೀನಿ. ಬರೀ ಮಾತ್ರೆ ಸಾಕು," ಎಂದಿದ್ದರು ದೊಡ್ಡ ಮೇಡಂ. ಸೂಜಿ ಇಲ್ಲ, ನಳಿಗೆ ಇಲ್ಲ! ಅವಳು ಅಂಗಡಿಯಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದಳು. ಸ್ಕ್ಯಾನಿಗೆ ಇನ್ನು ಎರಡು ವಾರ ಇತ್ತು.

ಸೋಮವಾರ ಹೊಟ್ಟೆ ಕೆಟ್ಟಿತು. ಮಾತ್ರೆಯ ಕಾಟ ಎಂದುಕೊಂಡಳು. ಮಂಗಳವಾರವೂ ನಿಲ್ಲಲಿಲ್ಲ, ಹೊಟ್ಟೆಯ ಬಲಭಾಗದಲ್ಲಿ ಯಾರೋ ಬಟ್ಟೆ ಹಿಂಡಿದ ಹಾಗೆ ನೋವು. ಸಂಜೆ ಅಂಗಡಿಯಿಂದ ಬರುವಾಗ ಬಸ್ಸಿನಲ್ಲಿ ಚಳಿ ಹತ್ತಿತು. ಕಿಟಕಿಗೆ ಹಣೆ ಒರಗಿಸಿದರೆ ಗಾಜು ಹಿತವಾಗಿತ್ತು. ಮನೆಯ ಬೀಗ ತೆಗೆದು ಥರ್ಮಾಮೀಟರ್ ಇಟ್ಟುಕೊಂಡಳು. ನೂರೊಂದೂವರೆ. ಈ ಸಲ ಬಿಸಿನೀರಿನ ಹಂಗಿಲ್ಲದೆ ಏರಿತ್ತು.

ಹಾಸಿಗೆಯ ಅಂಚಿನಲ್ಲಿ ಕೂತು ಲೆಕ್ಕ ಹಾಕಿದಳು. ಜ್ವರ ಅಂದರೆ ಪಂಪು ನಿಲ್ಲುತ್ತದೆ. ವಾರ್ಡಿಗೆ ಹೋದರೆ ಅಲ್ಲೇ ಮಲಗಿಸಿಕೊಳ್ಳುತ್ತಾರೆ, ವಾರವೋ ಹತ್ತು ದಿನವೋ ಪಂಪಿಲ್ಲ. ಕಷ್ಟಪಟ್ಟು ಹತ್ತೊಂಬತ್ತಕ್ಕೆ ತಂದದ್ದು ಮತ್ತೆ ಹದಿನೆಂಟಕ್ಕೆ ಇಳಿದರೆ? ಇನ್ನೊಂದು ವರ್ಷ ಸೂಜಿ. ಅಲ್ಲದೆ ಇದು ಮಾಮೂಲಿ ಭೇದಿಯ ಜ್ವರ, ಒಂದೆರಡು ದಿನಕ್ಕೆ ಹೋಗುತ್ತದೆ. ಗುಲ್ಮ ಇಲ್ಲದವರಿಗೆಂದು ದಿನಾ ನುಂಗುವ ಪೆನಿಸಿಲಿನ್ ಬೇರೆ ಇದ್ದೇ ಇದೆ. ಹೀಗೆಲ್ಲ ತನಗೆ ತಾನೇ ವಕೀಲಿ ಮಾಡಿಕೊಂಡು ಜ್ವರ ಇಳಿಸುವ ಮಾತ್ರೆ ಎರಡು ನುಂಗಿದಳು. ಅಪ್ಪ ಅಮ್ಮ ಬರುವ ಹೊತ್ತಿಗೆ ಮೈ ಬೆವರಿ ತಣ್ಣಗಾಗಿತ್ತು.

"ಜ್ವರ?"

"ಇಲ್ಲ."

ಸೂಜಿ ಒಳಗೆ.

ಬುಧವಾರ ಅಮ್ಮ ನೀರಿನ ಲೋಟ ಕೊಡುವಾಗ ಬೆರಳು ತಾಗಿ, "ಏನೇ ಇಷ್ಟು ಬಿಸಿ?" ಎಂದಳು.

"ಇಡೀ ದಿನ ಫ್ರೇಮ್ ಬಿಸಿ ಮಾಡೋ ಮೆಷೀನ್ ಮುಂದೆ ಕೂತು ಬಂದಿದೀನಿ. ನಿನ್ನ ಇಸ್ತ್ರಿಪೆಟ್ಟಿಗೆ ತಣ್ಣಗಿರುತ್ತಾ?"

"ಅನ್ನ ಯಾಕೆ ಹಾಗೇ ಬಿಟ್ಟೆ?"

"ಮಾತ್ರೆ ಕುಡಿದ್ರೆ ಹಸಿವೇ ಇರಲ್ಲ ಅಂತ ನಿಂಗೊತ್ತಲ್ಲಮ್ಮ."

"ಮಾತಿಗೇನೂ ಕಮ್ಮಿ ಇಲ್ಲ. ಮುಖ ನೋಡಿದ್ರೆ ಹಿಂಡಿದ ನಿಂಬೆಹಣ್ಣು." ಅಮ್ಮ ಗೊಣಗುತ್ತ ತಟ್ಟೆ ಎತ್ತಿದಳು.

ಅಪ್ಪ ಕೈ ತೊಳೆದುಕೊಂಡು ಬಂದು ಸೂಜಿ ಬಿಚ್ಚುತ್ತಿದ್ದವನು ಅವಳನ್ನೇ ನೋಡಿದ. "ನಿಜ ಹೇಳು. ಜ್ವರ ಇದೆಯಾ?"

"ಇಲ್ಲಪ್ಪ. ಬೇಕಾದ್ರೆ ಥರ್ಮಾಮೀಟರ್ ತಾ."

ಅಷ್ಟರಲ್ಲಿ ಜ್ವರ ಇಳಿಸುವ ಮಾತ್ರೆ ನುಂಗಿ ಒಂದು ಗಂಟೆಯಾಗಿತ್ತು, ಅಳೆದಿದ್ದರೂ ಏನೂ ಸಿಗುತ್ತಿರಲಿಲ್ಲ. ಅವನು ತರಲಿಲ್ಲ. "ಬೇಡ ಬಿಡು, ನೀನು ಹೇಳಿದ ಮೇಲೆ ಮುಗೀತು," ಎಂದು ಚರ್ಮ ಹಿಡಿದೆತ್ತಿ ಚುಚ್ಚಿದ. ಅವತ್ತಿನ ಸೂಜಿ ಎಂದಿಗಿಂತ ಜಾಸ್ತಿ ಉರಿಯಿತು.

ಗುರುವಾರ ಅಂಗಡಿಯಲ್ಲಿ ಒಂದು ಜೊತೆ ಗಾಜಿನಲ್ಲಿ ನಂಬರಿನ ಗೆರೆ ಅಡ್ಡ ಬರಬೇಕಾದ್ದನ್ನು ಉದ್ದ ಬರುವ ಹಾಗೆ ಕೂರಿಸಿ ಕೊಟ್ಟಳು. ಹಾಕಿಕೊಂಡು ಹೋದ ಹೆಂಗಸು ಅರ್ಧ ಗಂಟೆಯಲ್ಲಿ ಗೋಡೆ ಹಿಡಿದುಕೊಂಡು ವಾಪಸ್ ಬಂದಳು. "ರಸ್ತೆಯೆಲ್ಲ ಗುಡ್ಡ ಹತ್ತಿದ ಹಾಗೆ ಕಾಣುತ್ತಲ್ರೀ!"

ಸೋಡಾಬುಡ್ಡಿ ಆ ಕನ್ನಡಕವನ್ನು ಮೂಗಿನ ಹತ್ತಿರ ತಂದು ನೋಡಿದ. "ಬ್ಯಾಟರಿ, ಇದು ನಿನ್ನ ಕೈ ಕೆಲಸಾನಾ?"

"ಹೂಂ ಸರ್."

"ಮನೆಗೆ ಹೋಗ್ತೀಯಾ?"

"ಇಲ್ಲ ಸರ್. ಮತ್ತೆ ಮಾಡಿಕೊಡ್ತೀನಿ."

ಕೌಂಟರಿನಲ್ಲಿ ಕೂರುವ ಅಕ್ಕ ಹಿಂದಿನ ಕೋಣೆಗೆ ಬಂದು ಬಾಗಿಲು ಸರಿಸಿದಳು. "ಬೆಳಿಗ್ಗೆಯಿಂದ ಎಷ್ಟು ಸಲ ಹಿಂದುಗಡೆ ಹೋಗಿ ಬಂದೆ ನೀನು? ನಾನು ನೋಡ್ತಾ ಇದೀನಿ."

"ಮಾತ್ರೆ ಕಣಕ್ಕ."

"ಮಾತ್ರೆಗೆ ತುಟಿ ಒಣಗುತ್ತಾ? ನಿಮ್ಮಪ್ಪಂಗೆ ಫೋನ್ ಮಾಡ್ಲಾ?"

"ಅಕ್ಕಾ, ಕಾಲಿಗೆ ಬೀಳ್ತೀನಿ. ಇನ್ನು ಹತ್ತೇ ದಿನ. ಸ್ಕ್ಯಾನ್ ಒಂದು ಆಗಿಬಿಡಲಿ."

ಅಕ್ಕ ಮೂಗು ಮುರಿದು ಉಪ್ಪು ಸಕ್ಕರೆ ಕಲಸಿದ ನೀರು ತಂದಿಟ್ಟಳು. ಫೋನು ಮಾಡಲಿಲ್ಲ. ಸ್ಕ್ಯಾನಿಗೂ ಇದಕ್ಕೂ ಏನು ಸಂಬಂಧ ಎಂದು ಅವಳಿಗೆ ಹೊಳೆಯಲೂ ಇಲ್ಲ.

ಗುರುವಾರವೂ ಪಂಪು ಓಡಿತು, ಶುಕ್ರವಾರವೂ ಓಡಿತು. ಶನಿವಾರ ಮಧ್ಯಾಹ್ನ ಚಕ್ರದ ಮುಂದೆ ಗಾಜು ಹಿಡಿದಿದ್ದವಳು ಎರಡಾಗಿ ಮಡಚಿಕೊಂಡು ನೆಲಕ್ಕೆ ಬಿದ್ದಳು. ಚಕ್ರ ನೀರು ಚಿಮ್ಮಿಸುತ್ತ ತಿರುಗುತ್ತಲೇ ಇತ್ತು, ಅಕ್ಕನೇ ಓಡಿ ಬಂದು ಸ್ವಿಚ್ ಆರಿಸಿದಳು.

ಎರಡು ಬೀದಿಯಾಚೆಯ ಆಸ್ಪತ್ರೆಗೆ ಆಟೋದಲ್ಲಿ ಹಾಕಿಕೊಂಡು ಹೋದರು. ಅಪ್ಪ ಲಾಂಡ್ರಿಯಿಂದ ಮಸಿ ಹಿಡಿದ ಬಟ್ಟೆಯಲ್ಲೇ ಬಂದ. ಸರ್ಜನ್ ಚಿಕ್ಕ ವಯಸ್ಸಿನವನು, ಮಾತು ಚುರುಕು. ಹೊಟ್ಟೆಯ ಬಲಕ್ಕೆ ಬೆರಳಿಟ್ಟು ಒತ್ತಿ, ಸರಕ್ಕನೆ ಬಿಟ್ಟ. ಅವಳು ಕಿರುಚಿದಳು.

"ಅಪೆಂಡಿಕ್ಸ್ ಥರಾನೇ ಇದೆ. ಜ್ವರ ಯಾವತ್ತಿಂದ?"

ಅವಳು ಬಾಯಿ ತೆರೆಯುವ ಮೊದಲೇ ಅಪ್ಪ ಹೇಳಿದ, "ನಿನ್ನೆವರೆಗೂ ಇರಲಿಲ್ಲ ಸರ್. ನಾನು ದಿನಾ ಕೇಳ್ತೀನಿ."

ಸರ್ಜನ್ ಅವಳ ಕಡೆ ನೋಡಿದ. ಅಪ್ಪನ ಕೈ ಅವಳ ತಲೆಯ ಮೇಲಿತ್ತು. ನಾಲ್ಕು ದಿನದಿಂದ ಎಂದು ಒಂದು ಮಾತು ಹೇಳಿದರೆ ಮುಗಿದಿತ್ತು.

"ಇವತ್ತಿಂದ," ಎಂದಳು.

"ಭೇದಿ?"

"ಅದು ಮಾತ್ರೆಯಿಂದ. ಯಾವಾಗಲೂ ಇರುತ್ತೆ."

ಸರ್ಜನ್ ಹಾಗೇ ನಂಬಿದ. ನಂಬದಿರಲು ಅವನಿಗೆ ಕಾರಣ ಇರಲಿಲ್ಲ. ವಾರ್ಡಿಗೆ ಫೋನು ಮಾಡಿಸಿದ. ದೊಡ್ಡ ಮೇಡಂ ಊರಲ್ಲಿರಲಿಲ್ಲ, ನಾಳೆ ಬರುತ್ತಾರೆ. ಅಲ್ಲಿದ್ದ ಡಾಕ್ಟರು ಪಂಪು ನಿಲ್ಲಿಸಿ, ರಕ್ತ ಹಾಕಿ, ಅಪೆಂಡಿಕ್ಸ್ ಆದರೆ ಕಾಯುವ ಹಾಗಿಲ್ಲ ಎಂದರು. ಸಂಜೆಯೊಳಗೆ ಆಪರೇಷನ್ ಆಯಿತು.

ಬೆಳಿಗ್ಗೆ ಸರ್ಜನ್ ಬಂದಾಗ ಅವನ ಮಾತಿನ ಚುರುಕು ಕಡಿಮೆಯಾಗಿತ್ತು. "ಅಪೆಂಡಿಕ್ಸ್ ಚೆನ್ನಾಗಿಯೇ ಇತ್ತು. ಒಳಗೆ ಹೋದ ಮೇಲೆ ಬಿಡೋ ಹಾಗಿರಲಿಲ್ಲ, ತೆಗೆದೆ. ಆದರೆ ಪಕ್ಕದ ಸಣ್ಣ ಕರುಳು ಊದಿಕೊಂಡು ಕೆಂಪಾಗಿದೆ. ಅದು ಒಂದು ದಿನದ್ದಲ್ಲ." ಅಪ್ಪನ ಕಡೆ ನೋಡಿದ. "ಒಂದು ದಿನದ್ದಲ್ಲವೇ ಅಲ್ಲ."

ಅಪ್ಪ ಹುಬ್ಬು ಗಂಟಿಕ್ಕಿಕೊಂಡು ಗೋಡೆ ನೋಡುತ್ತ ನಿಂತ.

ದೊಡ್ಡ ಮೇಡಂ ಹತ್ತು ಗಂಟೆಗೆ ಬಂದರು, ಪ್ರಯಾಣದ ಚೀಲ ಹೆಗಲಲ್ಲೇ ಇತ್ತು. ಯಾರನ್ನೂ ಮಾತಾಡಿಸದೆ ಅವಳ ಮಂಚದ ಹತ್ತಿರ ಕುರ್ಚಿ ಎಳೆದುಕೊಂಡು ಕೂತರು.

"ಒಂದೇ ಪ್ರಶ್ನೆ. ಜ್ವರದ ಮೇಲೆ ಎಷ್ಟು ದಿನ ಪಂಪ್ ಹಾಕಿದೀಯ?"

ಅಪ್ಪ ಮಂಚದ ಇನ್ನೊಂದು ಪಕ್ಕದಲ್ಲಿದ್ದ. ಅಮ್ಮ ಕಾಲ ಬಳಿ. ಅವಳು ಮೇಲಿನ ಫ್ಯಾನು ನೋಡಿದಳು.

"ನಾಲ್ಕು."

ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ದೊಡ್ಡ ಮೇಡಂ ಎದ್ದು ಹೋಗಿ ನರ್ಸಿಗೆ ಬೇರೆ ಔಷಧಿಯ ಹೆಸರು ಹೇಳಿ, ಈಗಿಂದೀಗಲೇ ಶುರು ಮಾಡಿಸಿ ಬಂದರು. ಆಮೇಲೆ ಅಪ್ಪನಿಗೆ ವಿವರಿಸಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು.

"ಹೊಟ್ಟೆಗೆ ಬರೋ ಒಂದು ಕ್ರಿಮಿ ಇದೆ. ನಮಗೆ ನಿಮಗೆ ಬಂದ್ರೆ ಎರಡು ದಿನ ಭೇದಿ, ಅಷ್ಟೇ. ಅದಕ್ಕೆ ಬೆಳೆಯೋಕೆ ಕಬ್ಬಿಣ ಬೇಕು, ಆದ್ರೆ ತಾನಾಗಿ ಎತ್ಕೊಳ್ಳೋಕೆ ಬರಲ್ಲ. ಪಂಪಿನ ಔಷಧಿ ಕಬ್ಬಿಣ ಹಿಡ್ಕೊಂಡು ಹೋಗ್ತಿರುತ್ತಲ್ಲ, ಅದನ್ನ ದಾರೀಲಿ ಹಿಡಿದು ಕಿತ್ಕೊಂಡು ತಿನ್ನುತ್ತೆ. ಜ್ವರ ಬಂದ್ರೆ ಪಂಪ್ ಬೇಡ ಅಂತ ಹೇಳೋದು ಇದಕ್ಕೇ. ಹಾಕಿದ್ರೆ ತಟ್ಟೆ ಇಟ್ಟು ಬಡಿಸಿದ ಹಾಗೆ."

"ಬಡಿಸಿದ್ದು ನಾನು," ಎಂದ ಅಪ್ಪ.

"ನಿಮಗೆ ಗೊತ್ತಿರಲಿಲ್ಲ."

"ಕೈ ನಂದೇ ಅಲ್ವಾ ಮೇಡಂ?"

ಅಮ್ಮನ ಚಿಂತೆ ಬೇರೆಯಿತ್ತು. "ಎಲ್ಲಿಂದ ಬಂತು ಮೇಡಂ ಅದು? ನಾನು ಎಲ್ಲಾ ಕುದಿಸೇ ಕೊಡ್ತೀನಿ. ಉಳಿದದ್ದು ಒಂದು ಗಳಿಗೆ ಹೊರಗೆ ಇಡಲ್ಲ, ಸೀದಾ ಫ್ರಿಜ್ಜಿಗೆ."

"ಹೇಳಕ್ಕಾಗಲ್ಲಮ್ಮ. ಹಾಲಲ್ಲಿರಬಹುದು, ನೀರಲ್ಲಿರಬಹುದು, ಅಂಗಡೀಲಿ ತಿಂದದ್ದರಲ್ಲಿರಬಹುದು. ಬೇರೆ ಕ್ರಿಮಿಗಳು ಫ್ರಿಜ್ಜಲ್ಲಿ ಮುದುಡಿ ಮಲಗ್ತವೆ. ಇದಕ್ಕೆ ಮಾತ್ರ ಫ್ರಿಜ್ಜು ಅಂದ್ರೆ ತವರುಮನೆ, ಅಲ್ಲೂ ಬೆಳೆಯುತ್ತೆ."

ಅಮ್ಮ ಅವತ್ತು ಮಧ್ಯಾಹ್ನವೇ ಮನೆಗೆ ಹೋಗಿ ಫ್ರಿಜ್ಜಿನಲ್ಲಿದ್ದದ್ದನ್ನೆಲ್ಲ ಚೆಲ್ಲಿ, ತಟ್ಟೆಗಳನ್ನು ಬಿಚ್ಚಿ ಕುದಿಯುವ ನೀರು ಸುರಿದು ತೊಳೆದು, ವೈರು ಕಿತ್ತು ಬಂದಳು. ಬಿಸಿಗೆ ಒಂದು ಗಾಜಿನ ತಟ್ಟೆ ಸೀಳಿತ್ತಂತೆ. "ಇನ್ನು ಆ ಪೆಟ್ಟಿಗೇಲಿ ಬಟ್ಟೆ ಇಡ್ತೀನಿ," ಎಂದಳು. ಯಾರೂ ನಗಲಿಲ್ಲ.

ಅಮ್ಮ ಹೋಗಿದ್ದಾಗ ಅಪ್ಪ ಅದೇ ಕುರ್ಚಿಯಲ್ಲಿ ಕೂತಿದ್ದ. ಅವಳು ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿಕೊಂಡಿದ್ದಳು. ಅವನಿಗೆ ಅದೂ ಗೊತ್ತಿತ್ತು.

"ಬುಧವಾರ ಕೇಳಿದ್ನಲ್ಲ. ನಿಜ ಹೇಳು ಅಂತ."

"ಕೇಳಿದ್ದೆ."

"ಚಿಕ್ಕವಳಿದ್ದಾಗ ಇಲ್ಲದ ಜ್ವರ ಇದೆ ಅಂದೆ. ಈಗ ಇರೋ ಜ್ವರ ಇಲ್ಲ ಅಂದೆ. ನಾನು ಎಂಥ ಪೆದ್ದ ನೋಡು, ಎರಡು ಸಲವೂ ನಂಬಿದೆ."

"ಅಪ್ಪಾ, ಇಪ್ಪತ್ತು ದಾಟಲಿ ಅಂತ..."

"ಗೊತ್ತು." ಅವನು ತನ್ನ ಎರಡೂ ಅಂಗೈ ಮಗುಚಿ ನೋಡಿಕೊಂಡ, ಉಗುರ ಸಂದಿನಲ್ಲಿ ಮಸಿ ಹಾಗೇ ಇತ್ತು. "ದಿನಾ ಕೈ ತೊಳೆದು ಚುಚ್ತಿದ್ದೆ. ಕ್ರಿಮಿ ಹೋಗಬಾರದು ಅಂತ." ಅಷ್ಟು ಹೇಳಿ ಎದ್ದು ಹೊರಗೆ ಹೋದ.

ಹೊಸ ಔಷಧಿ ಕೆಲಸ ಮಾಡುವ ಔಷಧಿಯೇ. ಒಂದು ದಿನ ಮೊದಲು ಶುರುವಾಗಿದ್ದರೆ ಸಾಕಾಗುತ್ತಿತ್ತೇನೋ. ಸೋಮವಾರ ಮಧ್ಯಾಹ್ನ ಅವಳ ಹೊಟ್ಟೆ ಹಲಗೆಯ ಹಾಗೆ ಗಟ್ಟಿಯಾಯಿತು, ಬೆರಳು ಊರಲು ಬಿಡಲಿಲ್ಲ. ಊದಿದ ಕರುಳು ತೂತು ಬಿದ್ದಿತ್ತು. ಸರ್ಜನ್ ಎರಡನೇ ಸಲ ಒಳಗೆ ಕರೆದುಕೊಂಡು ಹೋದ. ಹೋಗುವ ಮೊದಲು ಕಾಗದಕ್ಕೆ ರುಜು ಹಾಕುವಾಗ ಅಪ್ಪ ಕೇಳಿದ, "ಬದುಕ್ತಾಳಾ?"

"ರಕ್ತ ಇದೆ, ಔಷಧಿ ಇದೆ, ವಯಸ್ಸಿದೆ," ಎಂದ ಸರ್ಜನ್. "ಗುಲ್ಮ ಒಂದಿಲ್ಲ. ಅದೇ ಭಯ."

ಅದರ ಮುಂದಿನ ಒಂದಿಷ್ಟು ದಿನ ಅವಳಿಗೆ ಗೊತ್ತಿಲ್ಲ. ನೆನಪಿದ್ದದ್ದು ಇಷ್ಟು: ಬಾಯಲ್ಲಿ ನಳಿಗೆ, ಯಾರೋ ಹೆಸರು ಹಿಡಿದು ಕೂಗುವುದು, ಅಮ್ಮನ ಕೈಯ ಇಸ್ತ್ರಿ ವಾಸನೆ. ಎಚ್ಚರ ಬಂದಾಗ ಹೊಟ್ಟೆಯ ಮೇಲೆ ಚೀಲವೊಂದು ಅಂಟಿಕೊಂಡಿತ್ತು. ಕೆಟ್ಟ ಕರುಳನ್ನು ಕತ್ತರಿಸಿ, ಉಳಿದ ತುದಿಯನ್ನು ಹೊರಗೆ ತಂದಿದ್ದರು. ಮಾಗಿದ ಮೇಲೆ ಮತ್ತೆ ಒಳಗೆ ಸೇರಿಸುತ್ತೇವೆ ಎಂದರು. ತಿಂದದ್ದು ಚೀಲಕ್ಕೆ ಬರುತ್ತಿತ್ತು. ಅದನ್ನು ಖಾಲಿ ಮಾಡುವುದು, ತೊಳೆಯುವುದು, ಅಂಚಿಗೆ ಮುಲಾಮು ಹಚ್ಚುವುದು ನರ್ಸು ಕಲಿಸಿದಳು. ಗಾಜಿಗೆ ಏಣು ತೆಗೆಯುವ ಕೈ, ಎರಡೇ ದಿನಕ್ಕೆ ಕಲಿಯಿತು. ಕಲಿತ ಮೇಲೆ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಅತ್ತಳು.

ಕೌಂಟರಿನ ಅಕ್ಕ ನೋಡಲು ಬಂದವಳು ಬಾಗಿಲಲ್ಲೇ ನಿಂತು, "ಅವತ್ತೇ ಫೋನ್ ಮಾಡಬೇಕಿತ್ತು ನಾನು," ಎಂದಳು.

"ಮಾಡಿದ್ರೆ ನಿನ್ನ ಜತೆ ಮಾತು ಬಿಡ್ತಿದ್ದೆ."

"ಬಿಡಬೇಕಿತ್ತು."

ಸೋಡಾಬುಡ್ಡಿ ಬೇರೊಬ್ಬನನ್ನು ಮೇಜಿಗೆ ಕೂರಿಸಿದ್ದ. ಅವನು ವಾರಕ್ಕೆ ನಾಲ್ಕು ಗಾಜು ಒಡೆಯುತ್ತಾನೆ, ನೀನು ಬೇಗ ಬಾ ಎಂದು ಹೇಳಿ ಕಳಿಸಿದ್ದ.

ಮೂರು ತಿಂಗಳಿಗೆ ಚೀಲ ಹೋಯಿತು, ಕರುಳು ಒಳಗೆ ಸೇರಿತು. ಇನ್ನೊಂದು ತಿಂಗಳಿಗೆ ಸ್ಕ್ಯಾನ್ ಆಯಿತು. ದೊಡ್ಡ ಮೇಡಂ ನಂ‍ಬರು ನೋಡಿ ಕಾಗದವನ್ನು ಅವಳ ಕಡೆ ತಿರುಗಿಸಿದರು. ಇಪ್ಪತ್ತೆರಡು.

"ಪಂಪ್ ಬಿಡಬಹುದು. ಮಾತಿನ ಪ್ರಕಾರ."

ಅವಳು ತಲೆ ಆಡಿಸಿದಳು.

"ಒಂದು ಮಾತು ತಿಳ್ಕೋ," ಎಂದರು ದೊಡ್ಡ ಮೇಡಂ. "ಆವತ್ತು ಗೊತ್ತುಮಾಡಿದ್ದ ದಿನವೇ ಸ್ಕ್ಯಾನ್ ಮಾಡಿದ್ರೂ ಇಷ್ಟೇ ಬರ್ತಿತ್ತು. ನಾಲ್ಕಲ್ಲ, ಹದಿನೈದು ದಿನ ಪಂಪ್ ಬಿಟ್ಟಿದ್ರೂ ಈ ನಂಬರು ಕೂದಲೆಳೆಯಷ್ಟು ಅಲ್ಲಾಡ್ತಿರಲಿಲ್ಲ. ಹೃದಯಕ್ಕೆ ವರ್ಷಗಳ ಲೆಕ್ಕ. ಇದನ್ನ ನಾನು ನಿನಗೆ ಮೊದಲೇ ಹೇಳಬೇಕಿತ್ತು. ಪಂಪ್ ತಪ್ಪಿಸಬೇಡ ಅಂತ ಹೇಳೋದರಲ್ಲೇ ಇಷ್ಟು ವರ್ಷ ಕಳೆದೆ." ಆಮೇಲೆ ಇನ್ನೊಂದು ಚೀಟಿ ಬರೆದರು. "ಕತ್ತರಿಸಿದ ಜಾಗ ಇದೆಯಲ್ಲ, ಊಟದಲ್ಲಿರೋ ಒಂದು ವಿಟಮಿನ್ನು ಮೈಗೆ ಸೇರೋದೇ ಅಲ್ಲಿ. ಅದಿಲ್ಲದಿದ್ರೆ ಕೈಕಾಲು ಜೋಮು ಹಿಡಿಯುತ್ತೆ. ಮಾತ್ರೆ ನಿನಗೆ ನಾಟೋದು ಕಷ್ಟ. ತಿಂಗಳಿಗೊಂದು ಇಂಜೆಕ್ಷನ್."

"ಎಲ್ಲಿವರೆಗೆ?"

"ನೀನಿರೋವರೆಗೆ."

ಮನೆಗೆ ಬಂದು ಇಂಜೆಕ್ಷನ್ನಿನ ಡಬ್ಬಿಯನ್ನು ಅಪ್ಪನ ಮುಂದೆ ಇಟ್ಟಳು. ಅವನು ಹೆಸರು ಓದಿ ಡಬ್ಬಿಯನ್ನು ಅವಳ ಕಡೆಗೇ ಸರಿಸಿದ. "ಬೀದಿ ಕೊನೆಯ ಕ್ಲಿನಿಕ್ಕಿಗೆ ಹೋಗು. ನರ್ಸಮ್ಮ ಹಾಕ್ತಾರೆ."

"ನೀನು ಹಾಕಲ್ವಾ?"

"ಇಲ್ಲ."

ಸಂಜೆ ಊಟವಾದ ಮೇಲೆ ಅಪ್ಪ ಹೊಸ ಥರ್ಮಾಮೀಟರ್ ತೆಗೆದು ಅವಳ ಬಾಯಿಗಿಟ್ಟ. ಬಿಸಿನೀರು ಕುಡಿದು ಎಷ್ಟು ಹೊತ್ತಾಯಿತು ಎಂದಾಗಲಿ, ಮಾತ್ರೆ ನುಂಗಿದೆಯಾ ಎಂದಾಗಲಿ ಕೇಳಲಿಲ್ಲ. ಎದುರಿಗೇ ಕೂತಿದ್ದು, ಹೊತ್ತಾದ ಮೇಲೆ ತೆಗೆದು ದೀಪದ ಕೆಳಗೆ ಹಿಡಿದು ತಾನೇ ಓದಿದ. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ.

ಹೋದದ್ದು ಒಂದು ಅಪೆಂಡಿಕ್ಸ್, ಎರಡು ಅಡಿ ಸಣ್ಣ ಕರುಳು, ಹನ್ನೊಂದು ಕಿಲೋ ತೂಕ, ನಾಲ್ಕೂವರೆ ತಿಂಗಳ ಕೆಲಸ. ಅದರಲ್ಲಿ ಏಳು ಕಿಲೋ ವಾಪಸ್ ಬಂತು.